'ಹಮ್ ಲೋಗ್' ಕಲಿಸಿದ್ದು, ಜನ ಕಲಿತದ್ದು

ಭಾರತದ ಕಿರುತೆರೆಯಲ್ಲಿ ದೀರ್ಘ ಧಾರಾವಾಹಿಗಳ ಯುಗ ಆರಂಭವಾದದ್ದು 1984ರ ಜುಲೈ 7ರಂದು. ದೂರದರ್ಶನ ಅಂದು 'ಹಮ್ ಲೋಗ್' ಪ್ರಸಾರ ಮಾಡತೊಡಗಿತು. ಕತೆಯ ಮೂಲಕ ಕುಟುಂಬ ಯೋಜನೆಯ ತಿಳಿವಳಿಕೆ ನೀಡುವ ಮೆಕ್ಸಿಕೊದ ಪ್ರಯೋಗವೇ ಇದಕ್ಕೆ ಪ್ರೇರಣೆ. ಅದನ್ನು ಅಲ್ಲಿ ನೋಡಿ ಬಂದ ಕೇಂದ್ರ ಸಚಿವ ವಸಂತ ಸಾಠೆ ಇಲ್ಲಿಯೂ ಅಂಥದೊಂದು ಬೇಕೆಂದರು. ಮನೋಹರ ಶ್ಯಾಮ ಜೋಶಿ ಬರೆದರು, ಪಿ. ಕುಮಾರ್ ವಾಸುದೇವ್ ನಿರ್ದೇಶಿಸಿದರು.

ಆದರೆ ಬರೀ ಉಪದೇಶ ಯಾರಿಗೆ ಬೇಕು? ಮೊದಲ ಹದಿಮೂರು ಕಂತುಗಳಿಗೆ ಪ್ರತಿಕ್ರಿಯೆ ನೀರಸವಾಗಿತ್ತು. ಆಗ ಕುಟುಂಬ ಯೋಜನೆ ಹಿಂದೆ ಸರಿದು, ಸಂಸಾರದ ಕಷ್ಟಸುಖ ಮುಂದೆ ಬಂತು. ಕುಡುಕ ತಂದೆ ಬಸೇಸರ್ ರಾಮ್, ಎಲ್ಲವನ್ನೂ ನುಂಗಿಕೊಳ್ಳುವ ತಾಯಿ ಭಗವಂತಿ, ಕೆಲಸ ಹುಡುಕಿ ಅಲೆಯುವ ಹಿರಿಮಗ ಲಲ್ಲೂ, ಮಹಿಳೆಯರ ಹಕ್ಕಿಗಾಗಿ ದುಡಿಯುವ ಬಡ್ಕಿ, ಸಿನಿಮಾ ನಟಿಯಾಗುವ ಆಸೆಯಿಂದ ಮುಂಬಯಿಗೆ ಹೋಗಿ ಮೋಸಹೋಗುವ ಮಝ್ಲಿ, ಡಾಕ್ಟರಾಗಬೇಕೆನ್ನುವ ಛುಟ್ಕಿ. ಈ ಹೆಣ್ಣುಮಕ್ಕಳಿಗೆ ಸ್ವಾತಂತ್ರ್ಯವೆಂದರೆ ಭಾಷಣವಲ್ಲ. ಓದು, ಸಂಬಳ, ತಮ್ಮ ಬದುಕನ್ನು ತಾವೇ ಆರಿಸಿಕೊಳ್ಳುವ ಧೈರ್ಯ.

ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ತೆರೆಗೆ ಬಂದು ಕತೆಯ ನೀತಿಯನ್ನು ವಿವರಿಸುತ್ತಿದ್ದರು. ಅವರಿಗೆ ಲಕ್ಷಗಟ್ಟಲೆ ಪತ್ರಗಳು ಬಂದವು. ಆದರೂ ಪ್ರೇಕ್ಷಕರು ಹೇಳಿಕೊಟ್ಟ ಪಾಠವನ್ನೇ ಒಪ್ಪಲಿಲ್ಲ. ಭಗವಂತಿಯ ಪಾಡನ್ನು ಕಂಡು ಹೆಂಗಸರು ಎಚ್ಚೆತ್ತುಕೊಳ್ಳಲಿ ಎಂಬುದು ಧಾರಾವಾಹಿಯ ಆಶಯ. ಆದರೆ ಅನಂತರ ನಡೆದ ಅಧ್ಯಯನದಲ್ಲಿ ಅನೇಕರು ಅವಳ ಸಹನೆಯನ್ನೇ ಆದರ್ಶವೆಂದು ಮೆಚ್ಚಿದ್ದು ಕಂಡುಬಂತು. ಮಕ್ಕಳನ್ನು ಕಟ್ಟಿಕೊಂಡು ಗಂಡನ ಮನೆ ಬಿಟ್ಟರೆ ಹೊಟ್ಟೆಪಾಡೇನು ಎಂಬ ಪ್ರಶ್ನೆಗೆ ಉತ್ತರವಿಲ್ಲದವಳಿಗೆ ಸಹನೆಯೇ ದಾರಿಯಾಗಿ ಕಂಡರೆ ಅಚ್ಚರಿಯೇನಿಲ್ಲ.

ಇನ್ನೊಂದು ವಿಪರ್ಯಾಸವೂ ಇದೆ. ತಿಂಗಳ ಖರ್ಚಿಗೇ ಪರದಾಡುವ ಈ ಸಂಸಾರದ ಕತೆಗೆ ಪ್ರಾಯೋಜಕರಾಗಿದ್ದವರು ಮಾರುಕಟ್ಟೆಗೆ ಆಗಷ್ಟೇ ಬಂದಿದ್ದ 'ಮ್ಯಾಗಿ' ನೂಡಲ್ಸ್ ತಯಾರಕರು. ಧಾರಾವಾಹಿ ಜನಪ್ರಿಯವಾದಂತೆ ನೂಡಲ್ಸ್ ಕೂಡ ಮನೆಮಾತಾಯಿತು. ಜಾಹೀರಾತಿನ ಹಣದಿಂದ ಧಾರಾವಾಹಿ ನಡೆಸುವ ಪದ್ಧತಿಗೆ ಇಲ್ಲಿಂದಲೇ ದಾರಿಯಾಯಿತು.

'ಹಮ್ ಲೋಗ್' 1985ರ ಡಿಸೆಂಬರ್‌ನಲ್ಲಿ ಮುಗಿಯಿತು. ಮರುವರ್ಷ ಸಯೀದ್ ಮಿರ್ಜಾ ಮತ್ತು ಕುಂದನ್ ಶಾ ಅವರ 'ನುಕ್ಕಡ್' ಬಂತು. ಎಲೆಕ್ಟ್ರಿಷಿಯನ್ ಗುರು, ಸೈಕಲ್ ರಿಪೇರಿಯ ಹರಿ, ಹೋಟೆಲ್ ನಡೆಸುವ ಕಾದರ್ ಭಾಯಿ ಅದರ ನಾಯಕರು. ಅಲ್ಲಿ ಕೊನೆಗೆ ಬಂದು ನೀತಿ ಹೇಳುವವರು ಇರಲಿಲ್ಲ. ಬೀದಿ ಮೂಲೆಯಲ್ಲಿ ದಿನದ ದುಡಿಮೆ ಮುಗಿಸಿ ಕೂತ ಜನ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಒದಗುತ್ತಿದ್ದರು. ಬಡವರ ಬದುಕನ್ನು ತಿದ್ದಲು ಹೊರಟ ಕಿರುತೆರೆ, ಎರಡೇ ವರ್ಷಗಳಲ್ಲಿ ಅವರ ಮಾತನ್ನು ಕೇಳಿಸಿಕೊಳ್ಳಲು ಕಲಿತಿತ್ತು.