ಉಣ್ಣಿಯ ಋತುಚಕ್ರವೂ ಮಲೆನಾಡಿನ ಅಂಗಳವೂ

೧೯೫೭ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುವು. ಅದೇ ಕಾಲದಲ್ಲಿ ಸುತ್ತಣ ಹಳ್ಳಿಗಳ ಜನರು ತೀವ್ರವಾದ ಜ್ವರ, ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿದರು. ಕೆಲವರಿಗೆ ರಕ್ತಸ್ರಾವವೂ ಆಗಿ ಪ್ರಾಣವೇ ಹೋಯಿತು. ಮಂಗಗಳ ಸಾವಿನ ವಾರ್ತೆಯಿಂದ ಆಫ್ರಿಕಾದ ಹಳದಿ ಜ್ವರವು ಭಾರತಕ್ಕೂ ಬಂದಿತೋ ಎಂಬ ಶಂಕೆ ವೈದ್ಯರಲ್ಲಿ ಮೂಡಿತು. ಜನರು ಮಾತ್ರ ಕಂಡುದನ್ನು ಕಂಡಂತೆಯೇ ಹೇಳಿ ಅದನ್ನು ‘ಮಂಗನ ಕಾಯಿಲೆ’ ಎಂದು ಕರೆದರು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿದ್ವಾಂಸರು ಶೋಧನೆ ನಡೆಸಿ, ಇದು ಹಳದಿ ಜ್ವರವಲ್ಲವೆಂದೂ, ರಷ್ಯಾದೇಶದಲ್ಲಿ ವಸಂತ ಗ್ರೀಷ್ಮಗಳಲ್ಲಿ ಬರುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬೇರೊಂದು ವೈರಸ್ಸಿನ ಫಲವೆಂದೂ ಸಿದ್ಧಪಡಿಸಿದರು. ಅದನ್ನು ಹೊತ್ತು ತರುವ ಜೀವಿಯು ಕಾಡಿನ ಉಣ್ಣಿ. ಮಲೆನಾಡಿಗರ ಮಾತಿನಲ್ಲಿ ಉಣುಗು. ಮಂಗವು ರೋಗದ ಮೂಲವಲ್ಲ, ಮನುಷ್ಯನಂತೆಯೇ ಅದಕ್ಕೆ ಬಲಿಯಾಗುವ ಪ್ರಾಣಿ.

ಈ ಉಣ್ಣಿಗೂ ಒಂದು ಪಂಚಾಂಗವುಂಟು. ಮುಂಗಾರು ಹಿಡಿದೊಡನೆ ಬೆಳೆದ ಉಣ್ಣಿಗಳು ಮೇಯಲು ಬಂದ ದನಗಳ ಮೈಯೇರಿ ರಕ್ತ ಹೀರುತ್ತವೆ. ಹೆಣ್ಣು ಉಣ್ಣಿಯು ತುಂಬಿದೊಡಲಿನಿಂದ ನೆಲಕ್ಕುದುರಿ, ಎಲೆಗಳ ಮರೆಯಲ್ಲಿ ರಾಶಿಯಾಗಿ ಮೊಟ್ಟೆಯಿಡುತ್ತದೆ. ಮಳೆ ಹಿಂಜರಿದ ಮೇಲೆ ಆರು ಕಾಲಿನ ಸಣ್ಣ ಮರಿಗಳು ಹೊರಟು ಇಲಿ, ಹಕ್ಕಿ, ಮಂಗಗಳ ಮೈಹಿಡಿಯುತ್ತವೆ. ಆ ಮರಿಗಳೇ ಪೊರೆ ಕಳಚಿ ಎಂಟು ಕಾಲು ಪಡೆದು ಎರಡನೆಯ ಅವಸ್ಥೆಗೆ ಬಂದಾಗ ಮನುಷ್ಯನಿಗೆ ಅಪಾಯವು ಹೆಚ್ಚು. ಚಳಿಗಾಲದ ಮೊದಲಿನಿಂದ ಬೇಸಗೆಯ ಕೊನೆಯವರೆಗೆ ಇವುಗಳ ಸಂಚಾರ. ರೋಗವು ಕಾಣಿಸಿಕೊಳ್ಳುವುದೂ ಬಹುಮಟ್ಟಿಗೆ ಡಿಸೆಂಬರಿನಿಂದ ಮೇ ತಿಂಗಳವರೆಗೆ.

ದುರ್ದೈವವೆಂದರೆ, ಮಲೆನಾಡಿಗನ ಪಂಚಾಂಗವೂ ಇದರೊಡನೆ ಹೊಂದಿಕೊಂಡಿದೆ. ಸೌದೆ ತರುವುದಕ್ಕೂ, ಸೊಪ್ಪಿನ ಬೆಟ್ಟದಿಂದ ತರಗೆಲೆ ಗುಡಿಸಿ ಕೊಟ್ಟಿಗೆಗೂ ಗೊಬ್ಬರಕ್ಕೂ ಕೂಡಿಹಾಕುವುದಕ್ಕೂ ಆ ಒಣ ತಿಂಗಳುಗಳೇ ತಕ್ಕವು. ಹೀಗೆ ಕಾಡಿಗೆ ಕಾಲಿಡದ ಮುದುಕರೂ ಮಕ್ಕಳೂ ಮನೆಯ ಅಂಗಳದಲ್ಲಿಯೇ ಉಣ್ಣಿಗೆ ಸಿಕ್ಕಬಹುದು. ಜಿಲ್ಲೆಯಲ್ಲಿ ೨೦೧೧–೧೨ರ ಜಾಡ್ಯವನ್ನು ಕುರಿತು ನಡೆದ ವಿಚಾರಣೆಯಲ್ಲಿಯೂ ಮನೆಯ ಬಳಿ ರಾಶಿ ಹಾಕಿದ ತರಗೆಲೆಯು ಅಪಾಯದ ಕಾರಣಗಳಲ್ಲೊಂದೆಂದು ಕಂಡುಬಂದಿತು.

ಅರ್ಧ ಶತಮಾನಕ್ಕೂ ಮಿಕ್ಕ ಪ್ರತೀಕಾರದ ಚರಿತ್ರೆಯಲ್ಲಿ ಕಾಲದ ಪ್ರಶ್ನೆಯೇ ಮತ್ತೆ ಮತ್ತೆ ಎದ್ದಿದೆ. ಮಂಗ ಸತ್ತ ಸ್ಥಳದ ಸುತ್ತ ಐವತ್ತು ಮೀಟರು ದೂರ ಉಣ್ಣಿನಾಶಕ ಪುಡಿಯನ್ನು ಎರಚುವ ಪದ್ಧತಿ ಬಂದಿತು. ಸತ್ತ ಮಂಗದ ಮೈಬಿಟ್ಟ ಉಣ್ಣಿಗಳು ಅಲ್ಲಿಯೇ ಹರಡುವುದರಿಂದ ಇದು ಯುಕ್ತವೇ ಸರಿ. ಆದರೆ ಮಂಗ ಬಿದ್ದ ಮೇಲೆ ಎಚ್ಚರಾಗುವುದು ತಡವಾಗಿ ಎಚ್ಚರಾಗುವುದೇ. ೧೯೯೦ರಿಂದ ಜನರಿಗೆ ಹಾಕುತ್ತಿದ್ದ ಲಸಿಕೆಯೂ ಒಂದೇ ಸಲಕ್ಕೆ ಫಲಿಸುವಂತಹುದಾಗಿರಲಿಲ್ಲ. ತಿಂಗಳ ಅಂತರದಲ್ಲಿ ಎರಡು ಸಲವೂ, ಅನಂತರ ಪುನಃ ಪುನಃ ಹಾಕಿಸಿಕೊಳ್ಳಬೇಕಾಗಿದ್ದಿತು. ಜ್ವರದ ಸುದ್ದಿ ಕೇಳಿದ ಮೇಲೆ ಓಡಿಬಂದವರಿಗೆ ಅದು ಆ ವರ್ಷಕ್ಕೆ ಒದಗುವಂತಿರಲಿಲ್ಲ. ಅದರ ಶಕ್ತಿ ಸಾಲದೆಂದು ಕಂಡು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ಇದಕ್ಕೆ ಮುನ್ನ ೨೦೧೮–೧೯ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅನೇಕ ಮನೆಗಳು ತಮ್ಮವರನ್ನು ಕಳೆದುಕೊಂಡಿದ್ದುವು.

ಆದುದರಿಂದ ಗೃಹಸ್ಥನ ರಕ್ಷಣೆಯು ಮಂಗನ ಸಾವಿನಿಂದಲ್ಲ, ಮುಂಗಾರಿನಿಂದಲೇ ಮೊದಲಾಗಬೇಕು. ಮಳೆಗಾಲದಲ್ಲಿ ಪಶುವೈದ್ಯರ ಸಲಹೆಯಂತೆ ದನದ ಮೈಯ ಉಣ್ಣಿಯನ್ನು ನಿವಾರಿಸಿದರೆ ಅಷ್ಟು ಮೊಟ್ಟೆಗಳು ಕಡಿಮೆಯಾದಂತೆ. ದೀಪಾವಳಿಯ ವೇಳೆಗೆ ಅಂಗಳವನ್ನೂ ಹಿತ್ತಲನ್ನೂ ಕೊಟ್ಟಿಗೆಯ ಸುತ್ತನ್ನೂ ಗುಡಿಸಿ ಪೊದೆ ಸವರಬೇಕು. ತರಗೆಲೆಯ ರಾಶಿಯನ್ನು ಮನೆಯಿಂದ ದೂರವಿಡಬೇಕು. ಕಾಡಿಗೆ ಹೋಗುವವರು ಉಣ್ಣಿ ಹತ್ತದಂತೆ ತೈಲ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಉಳುವವನು ಮಳೆ ಬಿದ್ದ ಮೇಲೆ ನೇಗಿಲು ಕಟ್ಟಿಸಲು ಹೊರಡುವುದಿಲ್ಲ. ಆ ಮುಂದಾಲೋಚನೆಯು ಹೊಲಕ್ಕಿರುವಂತೆ ಅಂಗಳಕ್ಕೂ ಇರಬೇಕೆಂಬುದೇ ಕ್ಯಾಸನೂರಿನ ಚರಿತ್ರೆ ಕಲಿಸುವ ಪಾಠ.