ಮಾಂಟೆ ಕ್ಯಾಸಿನೊ: ನಾಲ್ಕು ಬಾರಿ ಅಳಿದು ಉಳಿದ ಮಠ

ಕ್ರೈಸ್ತ ಧರ್ಮದ ಇತಿಹಾಸವನ್ನು ಓದುವಾಗ ಪೋಪರ, ಚಕ್ರವರ್ತಿಗಳ, ಧರ್ಮಸಭೆಗಳ ಹೆಸರುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ಆ ಧರ್ಮವನ್ನು ಪಶ್ಚಿಮ ಯೂರೋಪಿನ ನೆಲದಲ್ಲಿ ಬೇರೂರಿಸಿದ ಸಂಸ್ಥೆಗಳಲ್ಲಿ ಮಠಗಳ ಸ್ಥಾನ ಬಹು ಹಿರಿದು. ಅಂಥವುಗಳಲ್ಲಿ ಪ್ರಖ್ಯಾತವಾದುದು ಇಟಲಿಯ ರೋಮ್ ಮತ್ತು ನೇಪಲ್ಸ್ ನಗರಗಳ ನಡುವೆ ಎತ್ತರವಾದ ಬೆಟ್ಟದ ಮೇಲಿರುವ ಮಾಂಟೆ ಕ್ಯಾಸಿನೊ. ಮಠವೊಂದು ಬಾಳುವುದು ಕಟ್ಟಡದಿಂದಲೋ ನಿಯಮದಿಂದಲೋ ಎಂಬ ಪ್ರಶ್ನೆಗೆ ಅದರ ಚರಿತ್ರೆಯಲ್ಲಿ ಉತ್ತರವಿದೆ.

ಇದರ ಸ್ಥಾಪಕರು ಸಂತ ಬೆನೆಡಿಕ್ಟರು. ಅವರ ಜೀವನವೃತ್ತಾಂತ ನಮಗೆ ದೊರೆಯುವುದು 590ರಿಂದ 604ರವರೆಗೆ ಪೋಪರಾಗಿದ್ದ ಮಹಾ ಗ್ರೆಗರಿಯವರ 'ಸಂವಾದಗಳು' ಎಂಬ ಗ್ರಂಥದಿಂದ. ಕ್ರಿ.ಶ. 480ರ ಸುಮಾರಿನಲ್ಲಿ ನುರ್ಸಿಯಾ ಎಂಬ ಊರಿನಲ್ಲಿ ಜನಿಸಿದ ಬೆನೆಡಿಕ್ಟರು ವಿದ್ಯಾಭ್ಯಾಸಕ್ಕೆಂದು ರೋಮ್ ನಗರಕ್ಕೆ ಹೋದರು. ಅಲ್ಲಿಯ ವಿಲಾಸಜೀವನಕ್ಕೆ ಬೇಸತ್ತು ಸುಬಿಯಾಕೊ ಎಂಬಲ್ಲಿಯ ಗುಹೆಯನ್ನು ಸೇರಿ ಮೂರು ವರ್ಷ ಏಕಾಂತದಲ್ಲಿದ್ದರು. ರೊಮಾನಸ್ ಎಂಬ ಸಂನ್ಯಾಸಿಯೊಬ್ಬನು ಮೇಲಿನಿಂದ ಹಗ್ಗದಲ್ಲಿ ರೊಟ್ಟಿಯನ್ನು ಇಳಿಬಿಡುತ್ತಿದ್ದನಂತೆ. ಅವರ ಕೀರ್ತಿಯನ್ನು ಕೇಳಿದ ಸಮೀಪದ ಮಠದವರು ತಮಗೆ ಗುರುವಾಗಬೇಕೆಂದು ಬೇಡಿ ಕರೆದೊಯ್ದರು. ಶಿಸ್ತು ಹೆಚ್ಚಾಯಿತೆಂದು ತೋರಿದಾಗ ದ್ರಾಕ್ಷಾರಸದಲ್ಲಿ ವಿಷ ಬೆರೆಸಿಕೊಟ್ಟರು. ಬೆನೆಡಿಕ್ಟರು ಆಶೀರ್ವದಿಸುತ್ತಲೇ ಪಾತ್ರೆ ಒಡೆಯಿತೆಂದು ಗ್ರೆಗರಿಯವರು ಬರೆಯುತ್ತಾರೆ. ಅವರು ಯಾರನ್ನೂ ಶಿಕ್ಷಿಸದೆ ಗುಹೆಗೆ ಮರಳಿದರು. 529ರ ಸುಮಾರಿಗೆ ಮಾಂಟೆ ಕ್ಯಾಸಿನೊ ಬೆಟ್ಟವನ್ನೇರಿ, ಅಪೊಲೊ ದೇವತೆಯ ಹಳೆಯ ಗುಡಿಯಿದ್ದ ಸ್ಥಳದಲ್ಲಿ ಮಠವನ್ನು ಕಟ್ಟಿದರು. ಅವರ ಸೋದರಿ ಸ್ಕೊಲಾಸ್ಟಿಕಾ ಕೂಡ ದೇವರಿಗೆ ಬಾಳನ್ನು ಮುಡಿಪಾಗಿಟ್ಟ ಸಾಧ್ವಿ. ಇಬ್ಬರಿಗೂ ಒಂದೇ ಸಮಾಧಿಯಾಯಿತು.

ಬೆನೆಡಿಕ್ಟರ ನಿಜವಾದ ಕೃತಿ ಮಠದ ಕಟ್ಟಡವಲ್ಲ. 73 ಅಧ್ಯಾಯಗಳ ನಿಯಮಗ್ರಂಥ. 'ಅಬ್ಬಟ್' ಎಂಬ ಮಠಾಧಿಪತಿಯ ಹೆಸರು 'ಅಬ್ಬಾ', ಎಂದರೆ ತಂದೆ, ಎಂಬ ಅರಮಾಯಿಕ್ ಶಬ್ದದಿಂದ ಬಂದುದು. ಆತನನ್ನು ಮಠದವರೇ ಆರಿಸಬೇಕು. ಭಯಕ್ಕಿಂತ ಪ್ರೀತಿಯನ್ನು ಗಳಿಸುವುದೇ ಆತನ ಲಕ್ಷಣ. ಮಹತ್ತ್ವದ ಕಾರ್ಯಗಳಲ್ಲಿ ಎಲ್ಲರನ್ನೂ ಕರೆದು ಕೇಳಬೇಕು. ಕಿರಿಯನ ಬಾಯಲ್ಲಿಯೂ ದೇವರು ಹಿತವನ್ನು ನುಡಿಸಬಹುದು. ದಾಸನಾಗಿ ಹುಟ್ಟಿದವನಿಗಿಂತ ಸ್ವತಂತ್ರನಾಗಿ ಹುಟ್ಟಿದವನು ಮೇಲೆಂದು ಎಣಿಸಲಾಗದು. ಯಾರಿಗೂ ಸ್ವಂತ ಆಸ್ತಿಯಿಲ್ಲ. ಪ್ರಾರ್ಥನೆಯ ಜೊತೆಗೆ ಕೈದುಡಿಮೆ, ಪಠನಗಳಿಗೂ ಹೊತ್ತು ಗೊತ್ತು. ಉಗ್ರಾಣದ ಪಾತ್ರೆ ಸಲಕರಣೆಗಳನ್ನೂ ಪೂಜಾಪಾತ್ರೆಗಳಂತೆಯೇ ಕಾಣಬೇಕು. ಬಾಗಿಲಿಗೆ ಬಂದ ಅತಿಥಿಯನ್ನು ಸಾಕ್ಷಾತ್ ಕ್ರಿಸ್ತನೆಂದೇ ಸತ್ಕರಿಸಬೇಕು. ಅದರಲ್ಲಿಯೂ ಬಡವರ ಕಡೆಗೆ ಹೆಚ್ಚಿನ ಲಕ್ಷ್ಯವಿರಬೇಕು. ಮಠದ ಪಂಕ್ತಿಯಲ್ಲಿ ಉಂಡು, ಮಠದ ನೆರಳಿನಲ್ಲಿ ಓದಿ ಬೆಳೆದ ನಮ್ಮ ವಾಚಕರಿಗೆ ಈ ನಿಯಮಗಳ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

547ರ ಸುಮಾರಿಗೆ ಬೆನೆಡಿಕ್ಟರು ಕಾಲವಾದರು. ಮುಂದೆ ಮೂರು ದಶಕಗಳೊಳಗೇ, 577ರ ಸುಮಾರಿಗೆ, ಲೊಂಬಾರ್ಡರು ಮಠವನ್ನು ಹಾಳುಗೆಡವಿದರು. ಸಂನ್ಯಾಸಿಗಳು ನಿಯಮಗ್ರಂಥವನ್ನು ಎತ್ತಿಕೊಂಡು ರೋಮ್ ನಗರಕ್ಕೆ ಓಡಿದರು. ಸುಮಾರು 140 ವರ್ಷ ಬೆಟ್ಟ ಪಾಳುಬಿದ್ದಿತ್ತು. 718ರ ಸುಮಾರಿಗೆ ಪೆಟ್ರೊನಾಕ್ಸ್ ಎಂಬವರು ಅಲ್ಲಿ ಮತ್ತೆ ದೀಪ ಹಚ್ಚಿದರು. 883ರಲ್ಲಿ ಸಾರಾಸೆನರು ಮಠವನ್ನು ಸುಟ್ಟು ಮಠಾಧಿಪತಿ ಬೆರ್ತಾರಿಯಸರನ್ನು ಕೊಂದರು. ಉಳಿದವರು ಟಿಯಾನೊ ಎಂಬ ಊರನ್ನು ಸೇರಿದರು. 896ರಲ್ಲಿ ಅಲ್ಲಿಯೂ ಬೆಂಕಿ ಬಿದ್ದು, ಬೆನೆಡಿಕ್ಟರ ಸ್ವಹಸ್ತಾಕ್ಷರದ್ದೆಂದು ಪೂಜಿಸುತ್ತಿದ್ದ ನಿಯಮಗ್ರಂಥವೇ ಭಸ್ಮವಾಯಿತು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇದಕ್ಕೆ ಒಂದು ಶತಮಾನ ಮೊದಲೇ ಶಾರ್ಲಮೇನ್ ದೊರೆಯು ಈ ಗ್ರಂಥದ ಪ್ರತಿಯೊಂದನ್ನು ಬೇಡಿ ತರಿಸಿಕೊಂಡಿದ್ದನು. ಆ ಪ್ರತಿಯಿಂದ ಬರೆದುಕೊಂಡ ಪ್ರತಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಗ್ರಂಥಾಲಯದಲ್ಲಿ ಇಂದಿಗೂ ಸುರಕ್ಷಿತವಾಗಿದೆ. ಮಠವು ತನ್ನಲ್ಲಿ ಬಚ್ಚಿಟ್ಟುಕೊಂಡದ್ದು ಸುಟ್ಟುಹೋಯಿತು. ಪರರಿಗೆ ಕೊಟ್ಟದ್ದು ಉಳಿಯಿತು.

ಹತ್ತನೆಯ ಶತಮಾನದಲ್ಲಿ ಮಠ ಮತ್ತೆ ತಲೆಯೆತ್ತಿತು. 1058ರಿಂದ 1087ರವರೆಗೆ ಮಠಾಧಿಪತಿಗಳಾಗಿದ್ದ ಡೆಸಿಡೇರಿಯಸರ ಕಾಲವೇ ಅದರ ಸುವರ್ಣಯುಗ. 1071ರಲ್ಲಿ ಹೊಸ ದೇವಾಲಯದ ಪ್ರತಿಷ್ಠೆಯಾಯಿತು. ಲಿಪಿಕಾರರ ಕೈಯಿಂದ ಅಮೂಲ್ಯ ಗ್ರಂಥಗಳು ಹೊರಬಂದವು. ಆಫ್ರಿಕದ ಕಾನ್‌ಸ್ಟಂಟೈನ್ ಎಂಬ ವಿದ್ವಾಂಸರು ಅಲ್ಲಿ ನೆಲೆಸಿ ಅರಬ್ಬೀ ವೈದ್ಯಗ್ರಂಥಗಳನ್ನು ಲ್ಯಾಟಿನ್ ಭಾಷೆಗೆ ತಂದರು. ಮುಂದೆ ತತ್ತ್ವಜ್ಞಾನಿಯೆಂದು ಹೆಸರಾದ ಥಾಮಸ್ ಅಕ್ವಿನಾಸರು ಬಾಲ್ಯದಲ್ಲಿ ಓದಿದ್ದು ಈ ಮಠದಲ್ಲಿಯೇ. 1349ರ ಭೂಕಂಪದಲ್ಲಿ ಮೂರನೆಯ ಬಾರಿ ಎಲ್ಲವೂ ಕುಸಿಯಿತು, ಮತ್ತೆ ಕಟ್ಟಿದರು.

ನಾಲ್ಕನೆಯ ವಿನಾಶ ಎರಡನೆಯ ಮಹಾಯುದ್ಧದಲ್ಲಿ. ಜರ್ಮನ್ ಸೈನಿಕರು ಮಠವನ್ನು ಹೊಕ್ಕಿರಬಹುದೆಂಬ ಶಂಕೆಯಿಂದ ಮಿತ್ರರಾಷ್ಟ್ರಗಳ ವಿಮಾನಗಳು 1944ರ ಫೆಬ್ರುವರಿ 15ರಂದು ಅದನ್ನು ಪುಡಿಪುಡಿ ಮಾಡಿದವು. ಒಳಗೆ ಆಶ್ರಯ ಪಡೆದಿದ್ದ ಅನೇಕ ನಿರಪರಾಧಿಗಳು ಮಡಿದರು. ಆಗ ಮಠದೊಳಗೆ ಜರ್ಮನ್ ಸೇನೆ ಇರಲಿಲ್ಲವೆಂದು ಅನಂತರ ತಿಳಿದುಬಂದಿತು. ಬಾಂಬಿನ ದಾಳಿಯಾದ ಮೇಲೆಯೇ ಆ ಸೇನೆ ಅವಶೇಷಗಳಲ್ಲಿ ಬೀಡುಬಿಟ್ಟಿತು. ವೃದ್ಧ ಮಠಾಧಿಪತಿ ಗ್ರೆಗೋರಿಯೊ ಡಿಯಾಮಾರೆಯವರು ಬದುಕುಳಿದವರನ್ನು ಕರೆದುಕೊಂಡು ಬೆಟ್ಟವಿಳಿದರು. ಈ ಕದನಗಳಲ್ಲಿ ಭಾರತದ 4ನೆಯ ಡಿವಿಜನ್ನಿನ ಯೋಧರೂ ಹೋರಾಡಿದರು. ಕೆಳಗಿನ ಸ್ಮಶಾನಭೂಮಿಯಲ್ಲಿ ನಮ್ಮ ದೇಶದ ಮಕ್ಕಳೂ ಮಲಗಿದ್ದಾರೆ. ಮಠದ ಗ್ರಂಥಭಂಡಾರ ಮಾತ್ರ ಉಳಿಯಿತು. 1943ರಲ್ಲಿಯೇ ಶ್ಲೇಗೆಲ್ ಮತ್ತು ಬೆಕರ್ ಎಂಬ ಇಬ್ಬರು ಜರ್ಮನ್ ಸೇನಾಧಿಕಾರಿಗಳು ಮುಂದಾಗುವುದನ್ನು ಊಹಿಸಿ ಅದನ್ನು ಸಾಗಿಸಲು ನೆರವಾಗಿದ್ದರು. ಶತ್ರು ಯಾರು, ಮಿತ್ರ ಯಾರು ಎಂಬುದನ್ನು ಸಮವಸ್ತ್ರ ನೋಡಿ ಹೇಳುವುದು ಎಷ್ಟು ಕಠಿಣ!

ಹಿಂದೆ ಇದ್ದಂತೆಯೇ, ಇದ್ದಲ್ಲಿಯೇ ಮಠವನ್ನು ಪುನಃ ನಿರ್ಮಿಸಲಾಯಿತು. 1964ರ ಅಕ್ಟೋಬರ್ 24ರಂದು ಪೋಪ್ ಆರನೆಯ ಪಾಲರು ಅದನ್ನು ಪವಿತ್ರೀಕರಿಸಿ, ಬೆನೆಡಿಕ್ಟರನ್ನು ಯೂರೋಪಿನ ರಕ್ಷಕ ಸಂತರೆಂದು ಘೋಷಿಸಿದರು. ಕಡಿದ ಬೊಡ್ಡೆಯಿಂದ ಚಿಗುರೊಡೆದ ಮರವೇ ಆ ಮಠದ ಲಾಂಛನ.

ಗೋಡೆಗಳು ನಾಲ್ಕು ಬಾರಿ ಬಿದ್ದವು. ಆದರೆ ಆ ನಿಯಮದಂತೆ ಬಾಳುವವರು ಬೇರೆ ಬೇರೆ ನಾಡುಗಳಲ್ಲಿ ಇದ್ದುದರಿಂದ ಮಠ ಅಳಿಯಲಿಲ್ಲ. ಮಠದ ಋಣವನ್ನು ಹೊತ್ತ ನಾವು ಅದರ ಗೋಪುರಕ್ಕೆ ಕಾಣಿಕೆ ಸಲ್ಲಿಸುವುದು ಸುಲಭ. ಅಲ್ಲಿ ಕಲಿತ ನಡೆಯನ್ನು ಮನೆಯಲ್ಲಿಯೂ ಉಳಿಸಿಕೊಂಡಿದ್ದೇವೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನು ತಾವು ಕೇಳಿಕೊಳ್ಳಬೇಕು.