ಮೆರ್ಸ್-ಎಲ್-ಕೆಬೀರ್: ಎಂಟು ದಶಕ ಕಳೆದರೂ ಮುಗಿಯದ ವಿಚಾರಣೆ

1940ರ ಜುಲೈ 3ರ ಸಂಜೆ ಬ್ರಿಟಿಷ್ ನೌಕಾಪಡೆ ಅಲ್ಜೀರಿಯಾದ ಮೆರ್ಸ್-ಎಲ್-ಕೆಬೀರ್ ಬಂದರಿನಲ್ಲಿ ಲಂಗರು ಹಾಕಿದ್ದ ಫ್ರೆಂಚ್ ಯುದ್ಧನೌಕೆಗಳ ಮೇಲೆ ಗುಂಡಿನ ಮಳೆಗರೆಯಿತು. ಹನ್ನೊಂದು ದಿನ ಮೊದಲು ಫ್ರಾನ್ಸ್ ಜರ್ಮನಿಯೊಡನೆ ಕದನವಿರಾಮಕ್ಕೆ ಸಹಿ ಹಾಕಿತ್ತು. ಅಲ್ಲಿಯತನಕ ಎರಡೂ ಪಡೆಗಳು ಹೆಗಲಿಗೆ ಹೆಗಲು ಕೊಟ್ಟು ಕಾದಿದ್ದವು. ಅಂದಿನ ದಾಳಿಯಲ್ಲೂ ಮೂರು ದಿನದ ನಂತರದ ವಿಮಾನ ದಾಳಿಯಲ್ಲೂ ಒಟ್ಟು 1,297 ಫ್ರೆಂಚರು ಸತ್ತರು. ಅವರಲ್ಲಿ ಒಂಬೈನೂರಕ್ಕೂ ಹೆಚ್ಚು ಮಂದಿ ‘ಬ್ರೆತಾನ್ಯ’ ಎಂಬ ಒಂದೇ ಹಡಗಿನವರು.

ಈ ಬಗೆಗಿನ ಮೊದಲ ಬರಹಗಳು ವಕಾಲತ್ತಿನವು. 1949ರಲ್ಲಿ ಬಂದ ತಮ್ಮ ಯುದ್ಧ ಇತಿಹಾಸದ ಎರಡನೇ ಸಂಪುಟದಲ್ಲಿ ಚರ್ಚಿಲ್ ದಾಳಿಯನ್ನು ನೋವಿನ, ಆದರೆ ಅನಿವಾರ್ಯ ನಿರ್ಧಾರವೆಂದು ಸಮರ್ಥಿಸಿಕೊಂಡರು. ಫ್ರೆಂಚ್ ಹಡಗುಗಳು ಹಿಟ್ಲರನ ಕೈಸೇರಿದರೆ ಬ್ರಿಟನ್ನಿಗೆ ಉಳಿಗಾಲವಿಲ್ಲ ಎಂಬುದು ಅವರ ವಾದ. ಕದನವಿರಾಮದ ನಂತರ ಫ್ರಾನ್ಸಿನಲ್ಲಿ ಬಂದ ವಿಷಿ ಸರ್ಕಾರದಲ್ಲಿ ನೌಕಾ ಸಚಿವರಾಗಿದ್ದ ಅಡ್ಮಿರಲ್ ಓಫಾನ್ 1958ರಲ್ಲಿ ಜಾಕ್ ಮೊರ್ದಾಲ್ ಜೊತೆ ಬರೆದ ಇತಿಹಾಸ ಫ್ರೆಂಚ್ ನೌಕಾಪಡೆಯ ಪರ ನಿಂತಿತು. ಹಡಗುಗಳನ್ನು ಜರ್ಮನರಿಗೆ ಒಪ್ಪಿಸುವುದಿಲ್ಲವೆಂದು ಫ್ರೆಂಚ್ ನೌಕಾಪಡೆಯ ಮುಖ್ಯಸ್ಥ ಡಾರ್ಲಾನ್ ಕೊಟ್ಟ ಮಾತನ್ನು ಬ್ರಿಟನ್ ನಂಬಲಿಲ್ಲವೆಂಬುದು ಆ ಪಕ್ಷದ ಅಳಲು. 1942ರ ನವೆಂಬರ್ 27ರಂದು ತುಲೋನ್‌ನಲ್ಲಿ ಫ್ರೆಂಚರು ತಮ್ಮ ಹಡಗುಗಳನ್ನು ಜರ್ಮನರ ಕೈಸೇರದಂತೆ ತಾವೇ ಮುಳುಗಿಸಿದ್ದು ಆ ಮಾತಿಗೆ ಸಾಕ್ಷಿಯಾಯಿತು.

1972ರಲ್ಲಿ ಬ್ರಿಟನ್ನಿನ ಯುದ್ಧಕಾಲದ ಕಡತಗಳು ತೆರೆದುಕೊಂಡ ಮೇಲೆ ಚಿತ್ರ ಬದಲಾಯಿತು. ಇತಿಹಾಸಕಾರ ಆರ್ಥರ್ ಮಾರ್ಡರ್ 1974ರ ತಮ್ಮ ಕೃತಿಯಲ್ಲಿ ಆ ದಿನವನ್ನು ಗಂಟೆ ಗಂಟೆಯಾಗಿ ಬಿಡಿಸಿಟ್ಟರು. ದಾಳಿಯ ಹೊಣೆ ಹೊತ್ತ ಬ್ರಿಟಿಷ್ ಅಡ್ಮಿರಲ್ ಸೋಮರ್‌ವಿಲ್ ಅವರಿಗೇ ಅದು ಬೇಡವಾಗಿತ್ತು. ಬ್ರಿಟಿಷರ ಷರತ್ತುಗಳೊಂದಿಗೆ ಸಂಧಾನಕ್ಕೆ ಬಂದ ಕ್ಯಾಪ್ಟನ್ ಹಾಲೆಂಡ್ ಫ್ರೆಂಚ್ ಬಲ್ಲವರು, ಪ್ಯಾರಿಸ್‌ನಲ್ಲಿ ಕೆಲಸ ಮಾಡಿದ್ದವರು. ಬರೀ ಕ್ಯಾಪ್ಟನ್ ಎಂದು, ಬಂದರಿನಲ್ಲಿದ್ದ ಫ್ರೆಂಚ್ ಹಡಗುಗಳ ಮುಖ್ಯಸ್ಥ ಅಡ್ಮಿರಲ್ ಜಾನ್ಸೂಲ್ ಬೆಳಗ್ಗೆ ಅವರನ್ನು ಕಾಣಲೊಪ್ಪದೆ ಕಿರಿಯ ಅಧಿಕಾರಿಯನ್ನು ಕಳಿಸಿದರು. ಮುಖಾಮುಖಿಯಾಗುವ ಹೊತ್ತಿಗೆ ಸಂಜೆ ನಾಲ್ಕು ದಾಟಿತ್ತು. ಬರಿಗೈಯಲ್ಲಿ ಮರಳುತ್ತಿದ್ದ ಹಾಲೆಂಡರ ದೋಣಿಗೆ ‘ಬ್ರೆತಾನ್ಯ’ದ ಕಾವಲು ಅಧಿಕಾರಿ ಸೆಲ್ಯೂಟ್ ಹೊಡೆದ. ಅರ್ಧ ಗಂಟೆಯೊಳಗೆ ಆ ಹಡಗು ಹೊತ್ತಿ ಉರಿಯುತ್ತಿತ್ತು.

ಮುಂದಿನ ಪೀಳಿಗೆಯ ಇತಿಹಾಸಕಾರರು ಮಾತುಗಳನ್ನೇ ಜರಡಿ ಹಿಡಿದರು. ಫ್ರೆಂಚ್ ಹಡಗುಗಳ ಕುರಿತ ಕದನವಿರಾಮದ 8ನೇ ವಿಧಿಯಲ್ಲಿದ್ದ ‘ಕೊಂತ್ರೋಲ್’ ಪದಕ್ಕೆ ಫ್ರೆಂಚಿನಲ್ಲಿ ಮೇಲ್ವಿಚಾರಣೆ, ತಪಾಸಣೆ ಎಂಬರ್ಥ; ಇಂಗ್ಲಿಷ್ ಕಿವಿಗೆ ಅದು ‘ಕಂಟ್ರೋಲ್’, ಅಂದರೆ ಪೂರ್ತಿ ಹಿಡಿತ. ಬ್ರಿಟಿಷರ ಷರತ್ತುಗಳಲ್ಲಿ ಹಡಗುಗಳನ್ನು ವೆಸ್ಟ್ ಇಂಡೀಸ್‌ಗೆ ಒಯ್ಯುವ ದಾರಿಯೂ ಇತ್ತು. ಜಾನ್ಸೂಲ್ ಮೇಲಧಿಕಾರಿಗಳಿಗೆ ಕಳಿಸಿದ ಮೊದಲ ಸಂದೇಶದಲ್ಲಿ ಅದರ ಸುಳಿವೇ ಇರಲಿಲ್ಲ. 1994ರಲ್ಲಿ ಕೂತೋ-ಬೆಗಾರಿ ಮತ್ತು ಯುವಾನ್ ಇಡೀ ಪ್ರಸಂಗವನ್ನು ಎರಡು ದೇಶಗಳ ಸಂಬಂಧ ಹರಿದುಹೋದ ಕತೆಯಾಗಿ ಓದಿದರು. 2003ರಲ್ಲಿ ಲಾಸ್ತೆರ್ಲ್ ಜಾನ್ಸೂಲರಿಂದ ಈ ದುರಂತ ತಪ್ಪುತ್ತಿತ್ತೇ ಎಂದು ನೇರವಾಗಿಯೇ ಕೇಳಿದರು.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸು ಈಜಿಪ್ಟಿನ ಅಲೆಕ್ಸಾಂಡ್ರಿಯಾದತ್ತ ಹೋಗುತ್ತದೆ. ಅದೇ ವಾರ, ಅಲ್ಲಿದ್ದ ಫ್ರೆಂಚ್ ಹಡಗುಗಳ ಮುಂದೆಯೂ ಅದೇ ಬೇಡಿಕೆ. ಆದರೆ ಅಲ್ಲಿ ಬ್ರಿಟಿಷ್ ಅಡ್ಮಿರಲ್ ಕನಿಂಗ್‌ಹ್ಯಾಮ್ ಲಂಡನ್ನಿನ ಅವಸರಕ್ಕೆ ಮಣಿಯದೆ ಫ್ರೆಂಚ್ ಅಡ್ಮಿರಲ್ ಗೊದ್‌ಫ್ರುವಾ ಜೊತೆ ಮಾತು ಮುಂದುವರಿಸಿದರು. ಇಂಧನ ಖಾಲಿ ಮಾಡಿಸಿ, ಫಿರಂಗಿಗಳನ್ನು ನಿಷ್ಕ್ರಿಯಗೊಳಿಸಿ ಹಡಗುಗಳನ್ನು ಬಂದರಿನಲ್ಲೇ ಉಳಿಸಿಕೊಂಡರು. ಒಂದು ಜೀವವೂ ಹೋಗಲಿಲ್ಲ. ಎರಡು ಬಂದರುಗಳ ಪರಿಸ್ಥಿತಿ ಒಂದೇ ಆಗಿರಲಿಲ್ಲ, ನಿಜ: ಅಲೆಕ್ಸಾಂಡ್ರಿಯಾ ಬ್ರಿಟಿಷರದೇ ನೆಲೆ. ಆದರೂ ಚರ್ಚಿಲ್ಲರ ಭಯ ಸುಳ್ಳಾಗಿರಲಿಲ್ಲ ಎಂದು ಒಪ್ಪುವವರೂ, ಆ ಭಯಕ್ಕೆ ಇದ್ದದ್ದು ಒಂದೇ ದಾರಿ ಎಂದು ಇನ್ನು ಹೇಳುವಂತಿಲ್ಲ.